ಪರಾತ ಬಯಲಿನ ನಾಲ್ಕನೇ ಬಿಂದು

ನನಗೆ ಬಂದ ಆದೇಶ ಎರಡೇ ಸಾಲಿನದು. ಸರ್ಕಾರಿ ಗೈರಾಣದಲ್ಲಿ ಸ್ಮಶಾನ ಇದೆಯೆಂದು ತಕರಾರು ಬಂದಿದೆ. ಲಗತ್ತಿಸಿದ ಹಳೆಯ ನಕ್ಷೆಯ ಆಧಾರದ ಮೇಲೆ ಸ್ಥಳ ಗುರುತಿಸಿ ಎಂಟು ದಿನದೊಳಗೆ ವರದಿ ಕೊಡಿ. ನಾನು ಸರ್ವೆ ಕಚೇರಿಯ ಖಾಯಂ ನೌಕರಳಲ್ಲ. ಆಳಂದದಲ್ಲಿ ಮನೆ, ಕೊಟ್ಟ ಜಮೀನು ಅಳೆದು ಬರೆದುಕೊಡುವ ಪರವಾನಗಿ ಭೂಮಾಪಕಿ. ಇಂಥ ಕೆಲಸ ನಮ್ಮಂಥವರಿಗೆ ಬರುವುದು ಖಾಯಂ ನೌಕರರು ಯಾರೂ ಅದಕ್ಕೆ ಸಹಿ ಹಾಕಲು ಇಷ್ಟಪಡದಿದ್ದಾಗ. ಅದು ನನಗೆ ಗೊತ್ತಿತ್ತು. ಆದರೂ ನಕ್ಷೆ ನೋಡಿ ಒಪ್ಪಿಕೊಂಡೆ.

ಅಂಥ ನಕ್ಷೆ ನಾನು ಅದುವರೆಗೆ ಕೈಯಲ್ಲಿ ಹಿಡಿದಿರಲಿಲ್ಲ. ನಾವು ದಿನನಿತ್ಯ ನೋಡುವುದು ಹೊಲದ ನಕ್ಷೆ: ಗೆರೆ, ಕಲ್ಲು, ಸರ್ವೆ ನಂಬರು. ಇದು ಇಡೀ ನೆಲದ ಏರಿಳಿತ ತೋರಿಸುವ ನಕ್ಷೆ. ಮೈಲಿಗೆ ಒಂದು ಅಂಗುಲದ ಅಳತೆ, ಹಿಂಬದಿಗೆ ಬಟ್ಟೆ ಅಂಟಿಸಿದ್ದು, ಎಂಟು ಮಡಿಕೆ. ಅಚ್ಚಾದ ವರ್ಷವಿದ್ದ ಮೂಲೆ ಹರಿದುಹೋಗಿತ್ತು. ನಿಜಾಮರ ಕಾಲದ್ದು ಎಂಬುದು ಊರ ಹೆಸರುಗಳ ಕಾಗುಣಿತದಿಂದಲೇ ತಿಳಿಯುತ್ತಿತ್ತು. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳು ಒಂದು ಕಡೆ ಸುತ್ತು ಹಾಕಿ ತಮ್ಮನ್ನೇ ಮುಟ್ಟಿದ್ದವು. ಅದೇ ಪರಾತ ಬಯಲು. ಹಿಟ್ಟು ನಾದುವ ಅಗಲವಾದ ಪರಾತದ ಹಾಗೆ ಸುತ್ತ ಸಣ್ಣ ದಿಬ್ಬದ ಅಂಚು, ನಡುವೆ ಚಪ್ಪಟೆ ನೆಲ ಇರುವುದಕ್ಕೆ ಊರವರು ಇಟ್ಟ ಹೆಸರು. ಅಫಜಲಪುರ, ಜೇವರ್ಗಿ ಎರಡೂ ತಾಲ್ಲೂಕಿನ ಗಡಿಯ ಆಸುಪಾಸು. ಊರಿನ ಹೆಸರು ಇಲ್ಲಿ ಬೇಡ. ನಕ್ಷೆಯಲ್ಲಿ ಆ ಬಯಲಿನೊಳಗೆ ಮೂರೇ ಮೂರು ಗುರುತು: ಚುಕ್ಕೆಗೆರೆಯ ಒಣ ಹಳ್ಳ, ಸಣ್ಣ ನೀಲಿ ಉಂಗುರದ ಬಾವಿ, ಅದರ ಕೆಳಗೆ ಗೋರಿಗಳ ಚಿಹ್ನೆ.

ಆ ಬಯಲನ್ನು ಸೋಲಾರ್ ಕಂಪನಿಯೊಂದಕ್ಕೆ ಗುತ್ತಿಗೆಗೆ ಕೊಡಲು ತಯಾರಿ ನಡೆದಿತ್ತು. ತಕರಾರು ಕೊಟ್ಟವರು ಊರ ಹೊರಗಿನ ಓಣಿಯ ಬೌದ್ಧ ಕುಟುಂಬಗಳು. ಅವರ ಪರವಾಗಿ ಅರ್ಜಿ ಬರೆದು ನಕ್ಷೆಯನ್ನು ಹುಡುಕಿ ತಂದವರು ಅದೇ ಓಣಿಯಲ್ಲಿ ಹುಟ್ಟಿ ಈಗ ಕಲಬುರಗಿಯಲ್ಲಿ ಕಾಲೇಜು ಪಾಠ ಹೇಳುವ ಒಬ್ಬ ಮೇಷ್ಟ್ರು. ಪಹಣಿಯಲ್ಲಿ ಆ ನೆಲಕ್ಕೆ 'ಗೈರಾಣ' ಎಂದಷ್ಟೇ ಇತ್ತು, ದನ ಮೇಯಲು ಬಿಟ್ಟ ನೆಲ. ಸ್ಮಶಾನದ ಮಾತು ಯಾವ ಕಾಗದದಲ್ಲೂ ಇರಲಿಲ್ಲ, ಈ ನಕ್ಷೆಯೊಂದನ್ನು ಬಿಟ್ಟು.

"ಮೇಡಮ್, ನಮ್ಮ ಬಾಯಿಮಾತು ಯಾರೂ ಕೇಳಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ಕಾಗದ ತಂದೇನಿ. ಇನ್ನ ನೀವು ಓದಿ ಹೇಳ್ರಿ, ಸಾಕು" ಎಂದರು ಮೇಷ್ಟ್ರು, ಮೊದಲ ದಿನ.

ಹಳೆಯ ನಕ್ಷೆಯನ್ನು ಓದುವುದು ಎಂದರೆ ಇಷ್ಟು: ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಬೇಕು. ನಕ್ಷೆಯಲ್ಲೂ ಕಾಣುವ, ನೆಲದ ಮೇಲೂ ಇವತ್ತಿಗೂ ಉಳಿದಿರುವ ಗುರುತುಗಳನ್ನು ಹುಡುಕಬೇಕು. ಅವೇ ಆಧಾರ ಬಿಂದುಗಳು. ಅಲ್ಲಿಗೆ ಹೋಗಿ ಜಿಪಿಎಸ್ ಯಂತ್ರ ನಿಲ್ಲಿಸಿ ಅಕ್ಷಾಂಶ ರೇಖಾಂಶ ತೆಗೆದು, ಕಾಗದದ ಆ ಬಿಂದುವನ್ನು ನೆಲದ ಈ ಬಿಂದುವಿಗೆ ಕಟ್ಟಬೇಕು. ಆಮೇಲೆ ಉಳಿದ ಕಾಗದವೆಲ್ಲ ಅದರ ಜೊತೆಗೆ ಎಳೆದುಕೊಂಡು ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಮೂರು ಬಿಂದು ಸಿಕ್ಕರೆ ನಕ್ಷೆ ಕೂರುತ್ತದೆ. ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯಲು ನಾಲ್ಕನೆಯದು ಬೇಕು. ಮೂರೇ ಇದ್ದರೆ ತಂತ್ರಾಂಶ ಯಾವಾಗಲೂ ತಪ್ಪು ಸೊನ್ನೆ ಎಂದೇ ತೋರಿಸುತ್ತದೆ, ಮೂರರಲ್ಲಿ ಒಂದು ಸುಳ್ಳಾಗಿದ್ದರೂ. ಇದು ನಾನು ಆಮೇಲೆ ಕಲಿತ ವಿಷಯವಲ್ಲ. ಮೊದಲೇ ಗೊತ್ತಿತ್ತು.

ಯುಗಾದಿ ಕಳೆದ ವಾರ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ನಿಲ್ಲಿಸುತ್ತಿದ್ದೆವು. ಆಮೇಲೆ ಯಂತ್ರದ ಪರದೆ ಕಾದು ಏನೂ ಕಾಣುತ್ತಿರಲಿಲ್ಲ. ಉತ್ತರದ ದಿಬ್ಬದ ನೆತ್ತಿಯಲ್ಲಿ ಹಿಂದಿನ ಸರ್ವೆಯವರು ಕೊರೆದ ಕಲ್ಲು ಸಿಕ್ಕಿತು, ವೃತ್ತ, ನಡುವೆ ಚುಕ್ಕೆ. ಅದು ಒಂದು. ಪಶ್ಚಿಮಕ್ಕೆ ಮೂರು ಊರಿನ ಗಡಿ ಕೂಡುವ ಕಲ್ಲು, ಜಾಲಿಕಂಟಿಯೊಳಗೆ ವಾಲಿ ನಿಂತಿತ್ತು. ಅದು ಎರಡು. ದಕ್ಷಿಣಕ್ಕೆ ಡಾಂಬರು ರಸ್ತೆಯ ಬದಿಗೆ ಹನುಮಪ್ಪನ ಗುಡಿ. ನಕ್ಷೆಯಲ್ಲೂ ದಾರಿಯ ಬದಿಗೆ ಗುಡಿಯ ಚಿಹ್ನೆ ಇತ್ತು. ಅದು ಮೂರು.

ನಾಲ್ಕನೆಯದು ಸಿಗಲಿಲ್ಲ. ಹಳ್ಳ ಎಷ್ಟೋ ಸಲ ದಿಕ್ಕು ಬದಲಿಸಿತ್ತು. ಬಂಡಿದಾರಿಗಳು ಹೊಲದೊಳಗೆ ಸೇರಿಹೋಗಿದ್ದವು. ಊರು ಬೆಳೆದು ಹಳೆಯ ಅಂಚು ಗುರುತು ಹಿಡಿಯುವಂತಿರಲಿಲ್ಲ. ಬಾವಿ ಇದ್ದಿದ್ದರೆ ಸಾಕಿತ್ತು. ಎರಡು ದಿನ ಬಯಲೆಲ್ಲ ಅಡ್ಡಾಡಿದೆ. ಬಾವಿಯ ಕಲ್ಲು ಬಿಡಿ, ಹಸಿರು ಹೆಚ್ಚಿರುವ ಜಾಗ ಕೂಡ ಕಾಣಲಿಲ್ಲ.

ಮೂರನೇ ದಿನ ಮೇಷ್ಟ್ರು ತಮ್ಮ ದೊಡ್ಡಪ್ಪನ ಹೆಂಡತಿಯನ್ನು ಕರೆದುಕೊಂಡು ಬಂದರು. ಓಣಿಯವರೆಲ್ಲ ಆಯಿ ಎಂದು ಕರೆಯುವ ಮುದುಕಿ. ಎಂಬತ್ತರ ಹತ್ತಿರ ಇರಬಹುದು, ಬೆನ್ನು ಬಾಗಿತ್ತು, ನಡಿಗೆ ಮಾತ್ರ ನನಗಿಂತ ಚುರುಕು. ಬಯಲಿನೊಳಗೆ ನೇರವಾಗಿ ನಡೆದು, ಯಾವ ಗುರುತೂ ಇಲ್ಲದ ಒಂದು ಜಾಗದಲ್ಲಿ ನಿಂತರು.

"ಇಲ್ಲಿ ಬಾವಿ ಇತ್ತವ್ವ. ನಾ ಮದಿವಿಯಾಗಿ ಬಂದಾಗ ಇದರ ನೀರೇ ಕುಡದೇನಿ. ಬರ ಬಿದ್ದಾಗ ಒಳಗ ಎತ್ತು ಬಿದ್ದು ಸತ್ತಿತು, ಆಮ್ಯಾಲ ಮುಚ್ಚಿಬಿಟ್ರು."

"ಕಲ್ಲು ಏನಾದ್ರೂ ಉಳದಾವೇನ್ರಿ ಆಯಿ?"

"ಕಲ್ಲು ಯಾರು ಬಿಡತಾರ? ಹೊಲದ ಒಡ್ಡಿಗಿ ಒಯ್ದಾರ." ಅಲ್ಲಿಂದ ದಕ್ಷಿಣಕ್ಕೆ ಒಂದಿಷ್ಟು ಹೆಜ್ಜೆ ನಡೆದು ಮತ್ತೆ ನಿಂತರು. "ಇಲ್ಲಿಂದ ಆ ಕಂಟಿತನಕ ನಮ್ಮವರು ಅದಾರ. ನನ್ನ ಮಾವ, ಅತ್ತಿ. ಎರಡು ಕೂಸು. ಇಲ್ಲಿ ನನ್ನ ಮಾಲಕ."

ಅವರು ಹೇಳಿದ ಎರಡೂ ಜಾಗವನ್ನು ನಾನು ಯಂತ್ರದಲ್ಲಿ ದಾಖಲಿಸಿಕೊಂಡೆ. ಅದು ನಂಬಿಕೆಯಿಂದ ಮಾಡಿದ್ದಲ್ಲ, ಅಭ್ಯಾಸ. ಯಾರು ಏನು ತೋರಿಸಿದರೂ ದಾಖಲಿಸುತ್ತೇನೆ.

ಆ ದಿನ ಮಧ್ಯಾಹ್ನ ಗುಡಿಯ ಕಟ್ಟೆಯ ನೆರಳಲ್ಲಿ ಕೂತು ಮೂರು ಬಿಂದು ಹಾಕಿ ನಕ್ಷೆ ಕೂರಿಸಿದೆ. ತಪ್ಪು ಸೊನ್ನೆ. ಗೋರಿಗಳ ಚಿಹ್ನೆ ಆಯಿ ನಿಂತ ಜಾಗಕ್ಕೆ ಬರಲಿಲ್ಲ. ಪೂರ್ವಕ್ಕೆ ಸುಮಾರು ನೂರಾ ಅರವತ್ತು ಮೀಟರ್ ಆಚೆ, ಪರಾತದ ಅಂಚಿನ ಕಲ್ಲುನೆಲದ ಮೇಲೆ ಬಿತ್ತು. ಬಾವಿಯೂ ಅಷ್ಟೇ ಸರಿದಿತ್ತು. ನೆಲದ ಮೇಲೆ ನೂರಾ ಅರವತ್ತು ಮೀಟರ್. ಆ ಕಾಗದದ ಮೇಲೆ ಎರಡೂವರೆ ಮಿಲಿಮೀಟರ್.

ಕಟ್ಟೆಯಿಂದ ಇಳಿದು, ರಸ್ತೆಯ ಅಂಚಿಗೆ ನಿಂತಿದ್ದ ಮೇಷ್ಟ್ರಿಗೆ ಪರದೆ ತೋರಿಸಿದೆ. ಅವರು ಎರಡೂ ಗುರುತುಗಳ ನಡುವೆ ಬೆರಳಿಟ್ಟು ನೋಡಿದರು.

"ಆಯಿ ತಪ್ಪಿರಬಹುದೇನ್ರಿ?"

"ಎಷ್ಟೋ ವರ್ಷ ಆಗ್ಯಾವ. ಬಯಲು ನೋಡಿದ್ರ ಎಲ್ಲಾ ಕಡಿ ಒಂದೇ ಥರ ಅದ" ಎಂದೆ.

ಆಯಿ ನಾವು ಮಾತಾಡುವುದನ್ನು ನೋಡುತ್ತ ರಸ್ತೆಯ ಆಚೆಗೇ ನಿಂತಿದ್ದರು. ಕಟ್ಟೆಗೆ ಬನ್ನಿ, ನೆರಳಿದೆ ಎಂದು ಕರೆದೆ. ಬರಲಿಲ್ಲ. ಮೇಷ್ಟ್ರೇ ಹೋಗಿ ವಿಷಯ ತಿಳಿಸಿದರು. ಅವರು ಅಲ್ಲಿಂದಲೇ ನನಗೆ ಕೇಳುವಂತೆ ಕೂಗಿ ಹೇಳಿದರು:

"ಅಲ್ಲೆಲ್ಲಾ ಬರೀ ಬಂಡೆಗಲ್ಲವ್ವಾ! ಅಲ್ಲಿ ಯಾರು ತೆಗ್ಗು ತೋಡತಾರ? ಸಂಶಯ ಇದ್ರ ನಾ ಹೇಳಿದಲ್ಲಿ ಅಗದು ನೋಡ್ರಿ. ನನ್ನ ಗಂಡ ಅವ, ನಾನೇ ಅಗೀರಿ ಅನ್ನಾಕತ್ತೇನಿ."

ಅಗೆಯುವ ಮಾತನ್ನು ಮೇಲ್ವಿಚಾರಕರಿಗೆ ಫೋನಿನಲ್ಲಿ ಕೇಳಿದೆ. ನಮ್ಮ ಕಚೇರಿಯ ಮೇಲ್ವಿಚಾರಕರು ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರವಾದವರು, ಕಡತ ಬೇಗ ಮುಗಿಯಲಿ ಎನ್ನುವವರು.

"ಅಗಿಯೋದು ನಿಮ್ಮ ಆದೇಶದಾಗ ಅದ ಏನ್ರಿ? ಇಲ್ಲಲ್ಲ. ಹೆಣದ ವಿಷಯ, ಮ್ಯಾಲಿನವರ ಪರ್ಮಿಷನ್ ಬೇಕು, ಅದಕ್ಕ ತಿಂಗಳಗಟ್ಟಲೆ ಹಿಡೀತದ. ನಕ್ಷೆ ಏನ ಹೇಳ್ತದ, ಅದನ್ನ ಬರೀರಿ."

"ಸರ್, ನಾಲ್ಕನೇ ಬಿಂದು ಸಿಕ್ಕಿಲ್ರಿ. ಬಾವಿ ಇಲ್ಲೇ ಇತ್ತು ಅಂತ ಆಯಿ ಹೇಳ್ತಾರ. ಅದನ್ನ ತಗೊಂಡ್ರ ಲೆಕ್ಕ ಹೊಂದವಲ್ದು."

"ಕಣ್ಣಿಗಿ ಕಾಣದ ಬಾವಿನ್ನ ಬಿಂದು ಅಂತ ಹ್ಯಾಂಗ ತಗೋತೀರಿ? ನೀವೇ ಹೇಳ್ರಿ."

ಕಾಣದ ಗುರುತನ್ನು ಆಧಾರವಾಗಿ ತೆಗೆದುಕೊಳ್ಳಬಾರದು ಎನ್ನುವುದು ನಾವು ತರಬೇತಿಯಲ್ಲಿ ಮೊದಲು ಕಲಿಯುವ ಪಾಠ. ಗುಡಿ ಕಾಣುತ್ತಿತ್ತು. ಬಾವಿ ಕಾಣುತ್ತಿರಲಿಲ್ಲ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಎಂದರೆ ಅದು ಬಾವಿಯೇ ಆಗಿರಬೇಕು ಎಂದುಕೊಂಡೆ.

ಏಳನೇ ದಿನ ವರದಿ ಬರೆದೆ. ಕೊನೆಯ ಪುಟದ ಷರಾ ಕಾಲಂನಲ್ಲಿ ಹೀಗೆ ಸೇರಿಸಿದ್ದೆ: 'ಆಧಾರ ಬಿಂದುಗಳು ಮೂರೇ ಇರುವುದರಿಂದ ನಿಖರತೆಯನ್ನು ಪರಿಶೀಲಿಸಲು ಆಗಿಲ್ಲ. ಸ್ಥಳೀಯರು ತೋರಿಸಿದ ಜಾಗ ಬೇರೆ ಇದ್ದು, ಅದರ ವಿವರ ಲಗತ್ತಿಸಿದೆ.'

ಮೇಲ್ವಿಚಾರಕರು ಓದಿ, ಬಾಗಿಲು ಮುಚ್ಚಿ, ನನ್ನನ್ನೂ ಮೇಷ್ಟ್ರನ್ನೂ ಕೂರಿಸಿದರು.

"ನೋಡ್ರಿ, ಸಿಟ್ಟಾಗಬ್ಯಾಡ್ರಿ. ನಕ್ಷೆ ತೋರಿಸಿದ ಜಾಗ ಕಂಪನಿಗಿ ಬ್ಯಾಡಾದ ಜಾಗ, ಕಲ್ಲುನೆಲ. ಅಲ್ಲಿ ಎರಡು ಎಕರೆ ಸ್ಮಶಾನ ಅಂತ ಬರದ್ರ ಯಾರೂ ಎದುರು ಮಾತಾಡಂಗಿಲ್ಲ, ಖಾಯಂ ನಿಮ್ಮದಾಗ್ತದ. ಎರಡು ಜಾಗ ಬರದು ಗ್ಯಾರಂಟಿ ಇಲ್ಲ ಅಂದ್ರ, ಅವರ ವಕೀಲರು ನಕ್ಷೆಗೇ ಬೆಲೆ ಇಲ್ಲ ಅಂತ ವಾದ ಮಾಡ್ತಾರ. ಅದೂ ಹೋಯ್ತು, ಇದೂ ಹೋಯ್ತು."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೇಷ್ಟ್ರು ನನ್ನ ಮುಖ ನೋಡಿದರು.

"ಮೇಡಮ್, ನಿಮಗ ನಕ್ಷೆ ಮ್ಯಾಲ ನಂಬಿಕಿ ಅದ ಏನ್ರಿ?"

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇವತ್ತಿಗೂ ಕಿವಿಯಲ್ಲಿದೆ. "ಅದ ರೀ" ಎಂದೆ. ಪೂರ್ತಿ ನಂಬಿಕೆ ಇರಲಿಲ್ಲ. ಆದರೆ ಏನೂ ಸಿಗದೆ ಹೋಗುವುದಕ್ಕಿಂತ ಎರಡು ಎಕರೆ ಸಿಗುವುದು ಒಳ್ಳೆಯದು, ಆಯಿಗೆ ನೆನಪು ತಪ್ಪಿರಲೂಬಹುದು, ಸಣ್ಣ ಸಂಶಯಕ್ಕೆ ದೊಡ್ಡ ಲಾಭ ಕಳೆಯುವುದು ಬೇಡ, ಹೀಗೆ ಒಂದರ ಮೇಲೊಂದು ಸಮಾಧಾನ ಪೇರಿಸಿಕೊಂಡೆ. ಷರಾ ಕಾಲಂನ ಎರಡೂ ವಾಕ್ಯವನ್ನು ಹೊಡೆದುಹಾಕಿ, ಪುಟವನ್ನು ಹೊಸದಾಗಿ ಮುದ್ರಿಸಿ ಸಹಿ ಮಾಡಿದೆ. ಮೇಷ್ಟ್ರು ಒಪ್ಪಿಗೆಯ ಸಹಿ ಹಾಕಿದರು. ಹೊರಗೆ ಬಂದು ಚಹಾ ಕುಡಿಸಿದರು. "ಒಟ್ಟಿನ ಮ್ಯಾಲ ಕಾಗದಕ್ಕ ಬೆಲೆ ಸಿಕ್ತು ನೋಡ್ರಿ" ಎಂದರು. ಆಯಿಗೆ ಹೇಗೆ ಹೇಳುತ್ತೀರಿ ಎಂದು ನಾನು ಕೇಳಲಿಲ್ಲ.

ಆದೇಶ ಬೇಗ ಬಂತು. ಮಳೆಗಾಲ ಮುಗಿಯುವಷ್ಟರಲ್ಲಿ ಕಲ್ಲುನೆಲದ ಸುತ್ತ ತಂತಿ, ಸ್ಮಶಾನ ಎಂದು ಬರೆದ ಹಳದಿ ಬೋರ್ಡು. ದೀಪಾವಳಿಯ ಹೊತ್ತಿಗೆ ಪರಾತದ ತುಂಬ ಕಂಬಗಳು.

ತೊಗರಿ ರಾಶಿಯ ಕಾಲಕ್ಕೆ ಅದೇ ಊರಲ್ಲಿ ಅಣ್ಣತಮ್ಮಂದಿರ ಹೊಲ ಭಾಗ ಮಾಡುವ ಕೆಲಸ ಬಂತು. ಅಳತೆ ಮುಗಿಸಿ ಹನುಮಪ್ಪನ ಗುಡಿಯ ಬಳಿ ಬಂದು ಪೂಜಾರಿಯನ್ನು ಕುಡಿಯಲು ನೀರು ಕೇಳಿದೆ. ಅರವತ್ತು ದಾಟಿದ ಮನುಷ್ಯ. ತಂಬಿಗೆ ಕೊಟ್ಟು, ಹೋದ ಸಲ ಇಲ್ಲೇ ಕೂತು ಕೆಲಸ ಮಾಡುತ್ತಿದ್ದಿರಲ್ಲ ಎಂದು ಗುರುತು ಹಿಡಿದರು. ಮಾತಿಗೆ ಮಾತು ಬಂದು, ಗುಡಿ ಬಹಳ ಹಳೆಯದೇನ್ರಿ ಎಂದು ಕೇಳಿದೆ.

"ದೇವರು ಹಳೇದ್ರಿ, ಗುಡಿ ಹಳೇದಲ್ಲ. ಮೊದಲ ಆ ಕಡಿ ಇತ್ತು, ನಮ್ಮ ತೊಗರಿ ಹೊಲದಾಗ, ಬಂಡಿದಾರಿ ಬದಿಗಿ. ನಾ ಸಣ್ಣಾವ ಇದ್ದಾಗ ಈ ರಸ್ತೆ ಆಯ್ತಲ್ಲ, ದಾರಿ ಬಿಟ್ಟು ದೇವರು ಹೊಲದಾಗ ಯಾಕ ಅಂತ ನಮ್ಮಪ್ಪಾರು ಎತ್ತಿಕೊಂಡು ಬಂದು ಇಲ್ಲಿ ಕೂಡಿಸ್ಯಾರ."

ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟೆ. "ಹಳೇ ಜಾಗ ತೋರಸ್ತೀರೇನ್ರಿ?"

ಪಶ್ಚಿಮಕ್ಕೆ ಎರಡು ಹೊಲ ದಾಟಿದೆವು. ಕೊಯ್ದ ತೊಗರಿಯ ಕೂಳೆಗಳ ನಡುವೆ, ನೇಗಿಲು ತಾಗದಂತೆ ಬಿಟ್ಟ ಒಂದು ತುಂಡು ನೆಲ, ಮೂರು ಸಾಲು ಕಲ್ಲಿನ ಪಾಯ. ಯಂತ್ರ ನಿಲ್ಲಿಸಿದೆ. ನಾನು ಹಿಡಿದ ಗುಡಿಗೂ ನಿಜವಾದ ಗುಡಿಗೂ ಸುಮಾರು ಇನ್ನೂರು ಮೀಟರ್ ಅಂತರ. ನಾನು ಕಾಗದವನ್ನು ಕಟ್ಟಿದ್ದು ಎತ್ತಿಕೊಂಡು ಬಂದು ಕೂರಿಸಿದ ದೇವರಿಗೆ. ಅದು ತನ್ನ ಜೊತೆಗೆ ಬಾವಿಯನ್ನೂ ಗೋರಿಗಳನ್ನೂ ಪೂರ್ವಕ್ಕೆ ಎಳೆದಿತ್ತು.

"ಅವಾಗೇ ಯಾಕ ಹೇಳಲಿಲ್ರಿ?" ಎಂದೆ. ಧ್ವನಿ ಏರಿತ್ತು.

ಪೂಜಾರಿ ಗಾಬರಿಯಾದರು. "ನೀವು ಕೇಳಲಿಲ್ಲಲ್ರಿ ಅಕ್ಕಾರ. ಕೇಳಿದ್ರ ಹೇಳತಿದ್ದೆ."

ನಿಜ. ಮೂರು ದಿನ ಅವರ ಕಟ್ಟೆಯ ಮೇಲೆ ಕೂತಿದ್ದೆ, ಒಂದು ಮಾತು ಕೇಳಿರಲಿಲ್ಲ. ಕೇಳಿದ್ದು ಬರೀ ಆಯಿಯನ್ನು, ಅವರಿಗೆ ಈ ಗುಡಿಯ ವಿಷಯ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಹಳೆಯದಾಗಲಿ ಹೊಸದಾಗಲಿ, ಅವರ ಓಣಿಯವರನ್ನು ಅದರ ಹತ್ತಿರ ಯಾರೂ ಬಿಟ್ಟಿರಲಿಲ್ಲ. ಆ ದಿನ ಅವರು ರಸ್ತೆಯ ಆಚೆಗೆ ಬಿಸಿಲಲ್ಲಿ ನಿಂತಿದ್ದು ಯಾಕೆಂದು ನಾನು ಆಗಲೂ ಯೋಚಿಸಿರಲಿಲ್ಲ.

ಮನೆಗೆ ಬಂದು ಬಟ್ಟೆ ಬದಲಿಸದೆ ಕಂಪ್ಯೂಟರ್ ಮುಂದೆ ಕೂತೆ. ಹಳೆಯ ಗುಡಿಯ ಬಿಂದು ಹಾಕಿದೆ. ಕಾಗದ ಮತ್ತೆ ಕೂತಿತು. ಬಾವಿ ಎಲ್ಲಿ ಬಂತೆಂದು ನೋಡಿದೆ. ಆಯಿ ನಿಂತು ತೋರಿಸಿದ ದಾಖಲೆಯನ್ನು ಅದರ ಮೇಲಿಟ್ಟೆ. ಎರಡರ ನಡುವೆ ಹನ್ನೊಂದು ಮೀಟರ್. ಆ ಅಳತೆಯ ನಕ್ಷೆಯಲ್ಲಿ ಪೆನ್ನಿನ ಗೆರೆಯೇ ಅದಕ್ಕಿಂತ ದಪ್ಪ. ಅಂದರೆ ನಾನು ಹುಡುಕುತ್ತಿದ್ದ ನಾಲ್ಕನೇ ಬಿಂದು ಮೂರನೇ ದಿನವೇ ನನ್ನ ಯಂತ್ರದಲ್ಲಿ ಇತ್ತು. ನಕ್ಷೆ ಸರಿಯಿತ್ತು. ಆಯಿ ಸರಿಯಿದ್ದರು. ತಪ್ಪಿದ್ದು ನಡುವೆ ಇದ್ದ ನಾನು.

ಮರುದಿನವೇ ತಿದ್ದುಪಡಿ ವರದಿ ಬರೆದು, ನನ್ನ ತಪ್ಪೆಂದು ಒಪ್ಪಿಕೊಂಡು, ಫೋಟೋ, ಲೆಕ್ಕ ಎಲ್ಲ ಲಗತ್ತಿಸಿ ಕೊಟ್ಟೆ. ಮೇಲ್ವಿಚಾರಕರು ನಿಂತೇ ಓದಿದರು.

"ಇದನ್ನ ಕೊಡಬ್ಯಾಡ್ರಿ. ನಿಮ್ಮ ಲೈಸೆನ್ಸಿಗಿ ಕುತ್ತು ಬರ್ತದ. ಅಲ್ಲೀಗ ಕರೆಂಟ್ ಹುಟ್ಟಾಕತ್ತದ. ಕಂಬ ಕೀಳತಾರ ಅಂತ ಮಾಡೀರೇನು?"

"ಕೀಳಲಿಕ್ಕಿಲ್ರಿ. ಕಾಗದದಾಗ ಇರಲಿ."

ಅವರು ಟಪಾಲಿನ ಮುದ್ರೆ ಹಾಕಿಸಿದರು. ಉತ್ತರ ಬರಲು ಎರಡು ತಿಂಗಳಾಯಿತು: ಮೂಲ ವರದಿ ಅಂಗೀಕಾರವಾಗಿ ಆದೇಶ ಜಾರಿಯಾಗಿದೆ, ಅರ್ಜಿದಾರರ ಒಪ್ಪಿಗೆಯ ಸಹಿಯೂ ಇದೆ, ಮರುಪರಿಶೀಲನೆಗೆ ಅವಕಾಶವಿಲ್ಲ. ನನಗೆ ಆ ಕಚೇರಿಯಿಂದ ಆಮೇಲೆ ಕೆಲಸ ಬರುವುದು ನಿಂತಿತು. ಯಾರೂ ನಿಲ್ಲಿಸಿದೆವು ಎಂದು ಹೇಳಲಿಲ್ಲ.

ಮೇಷ್ಟ್ರಿಗೆ ಹೇಳುವುದು ಕಷ್ಟವಾಯಿತು. ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು, "ನಾನೂ ಸಹಿ ಹಾಕೇನಲ್ರಿ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಕಾಗದ ತಂದರೆ ಜನ ಕೇಳುತ್ತಾರೆ ಎಂದು ನಂಬಿದ್ದ ಮನುಷ್ಯ, ಮನೆಯ ಹಿರಿಯಳ ಮಾತಿಗಿಂತ ಆ ಕಾಗದವನ್ನು ದೊಡ್ಡದು ಮಾಡಿದ್ದರು. ನಾನು ಮಾಡಿಸಿದ್ದೆ. ಕೊನೆಗೆ ಅವರೇ ಹೇಳಿದರು: "ಆಯಿಗೆ ನೀವೇ ಬಂದು ಹೇಳ್ರಿ. ನನ್ನ ಕೂಡ ಮಾತು ಬಿಟ್ಟಾಳ."

ಒಂದು ಭಾನುವಾರ ಮಧ್ಯಾಹ್ನ ಹೋದೆ. ಆಯಿ ಮನೆಯ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದರು. ಎದುರಿಗೆ ನೆಲದ ಮೇಲೆ ಕೂತು, ನೀವು ತೋರಿಸಿದ್ದೇ ಖರೆ ಇತ್ತು, ತಪ್ಪು ನನ್ನದು ಎಂದೆ. ಗುಡಿಯ ಕಥೆ ಹೇಳಿದೆ. ಅವರು ಮೊರದಲ್ಲಿ ಜೋಳ ಕೇರುವುದನ್ನು ನಿಲ್ಲಿಸಲಿಲ್ಲ.

"ನನಗ ಇದು ಗೊತ್ತಿರಲಿಲ್ಲೇನು? ನೀ ಈಗ ಬಂದು ಹೇಳಬೇಕೇನು?"

"ಇಲ್ರಿ ಆಯಿ."

"ಕಾಳು ಯಾವುದು ಕಲ್ಲು ಯಾವುದು ನನಗ ಇನ್ನೂ ಕಾಣತದ. ನಿಮಗ ನಾ ಮುದುಕಿ, ತೆಲಿ ಕೆಟ್ಟದ ಅಂತ ಆಯ್ತು."

ಉಳಿದ ಜೋಳ ಕೇರಿ ಮುಗಿಸಿ ಅವರು ಮೊರವನ್ನು ಬದಿಗಿಟ್ಟು ಎದ್ದರು. "ನಡಿ. ಎಲ್ಲಿ ಬಂದದ ತೋರಸು. ಈಗ ಎಲ್ಲಾ ಒಂದೇ ಥರ ಕಾಣತದ, ನನಗ ತಿಳಿವಲ್ದು."

ಮೇಷ್ಟ್ರು ದೂರದಲ್ಲಿ ಹಿಂದೆ ಬಂದರು. ಬಯಲಿನ ಸುತ್ತ ಜಾಳಿಗೆ ತಂತಿ, ಒಳಗೆ ಸಾಲು ಸಾಲು ಕಪ್ಪು ಹಲಗೆ, ಎಲ್ಲ ಒಂದೇ ಕಡೆ ಮುಖ ಮಾಡಿದ್ದವು. ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ. ತಂತಿಯ ಹೊರಗೇ ಯಂತ್ರ ಹಿಡಿದು ನಡೆಯುತ್ತ, ಅವರ ಗಂಡನನ್ನು ಹೂಳಿದ ಜಾಗದ ನೇರಕ್ಕೆ ಬಂದು ನಿಂತೆ. ಅಲ್ಲಿಂದ ಒಳಗೆ ಎಪ್ಪತ್ತನಾಲ್ಕು ಮೀಟರ್.

"ಎಣಸ್ರಿ ಆಯಿ. ಈ ಕಡಿಯಿಂದ ಒಂಬತ್ತನೇ ಸಾಲು. ಆ ಸಾಲಿನಾಗ ಎಡಕ್ಕ ನಾಲ್ಕನೇ ಕಂಬ."

ಅವರು ತಂತಿಗೆ ಬೆರಳು ಸಿಗಿಸಿ ಎಣಿಸಿದರು. ಎರಡು ಸಲ ತಪ್ಪಿತು, ಮೂರನೇ ಸಲ ನಾನು ಕೈ ಮಾಡಿ ತೋರಿಸಿದೆ. ಆ ಕಂಬವನ್ನು ನೋಡುತ್ತ ನಿಂತರು. ಕಂಬದ ಬುಡಕ್ಕೆ ಸಿಮೆಂಟು ಹಾಕಿದ್ದರು.

"ಎಷ್ಟು ಆಳ ತೋಡತಾರ ಇವರು?"

ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ. ಇನ್ನೊಂದು ಸುಳ್ಳು.

ಆಮೇಲೆ ಅವರು ಬಲಕ್ಕೆ ತಿರುಗಿ, ದೂರದ ಅಂಚಿನಲ್ಲಿ ಹಳದಿ ಬೋರ್ಡು ಇದ್ದ ಕಲ್ಲುನೆಲದ ಕಡೆ ನೋಡಿದರು.

"ನನ್ನ ಅಲ್ಲಿಗಿ ಒಯ್ತಾರೇನು?"

"ಹೌದ್ರಿ."

"ಅಲ್ಲಿ ಯಾರು ಅದಾರ?"

"ಯಾರೂ ಇಲ್ರಿ ಆಯಿ" ಎಂದೆ.